ಗುರುವಾರದ ಚೀಲ

ಮೊದಲು ಚೀಲವನ್ನು ಚಾಪೆಗೆ ಸುರಿ, ಕುಸುಮಾವತಿ.
ಕೊಟ್ಟವರು ಯಾರು ಅಂತ ಆಮೇಲೆ ಕೇಳು.
ಡಬ್ಬಿಯ ಬುಡ ತಿರುಗಿಸಿ ತಾರೀಕು ನೋಡು:
ನಾಳೆ ಮುಗಿಯುವುದು ಇವತ್ತಿನ ಒಲೆಗೆ,
ಮುಂದಿನ ತಿಂಗಳದ್ದು ಮಂಚದಡಿಗೆ.
ಇಷ್ಟು ಗೊತ್ತಿದ್ದರೆ ಮುಹರ್ರಕ್‌ನಲ್ಲಿ
ಒಂದು ಬೇಸಿಗೆ ದಾಟಬಹುದು.

ನಾನು ದಾಟಿದ್ದು ಏಳು.
ಜೂನ್ ಕೊನೆಗೆ ಶಾಲೆಯ ಬಸ್ಸು ನಿಂತರೆ
ಸಂಬಳವೂ ನೆರಳು ಹುಡುಕಿ ನಿಂತುಬಿಡುತ್ತದೆ,
ಸೆಪ್ಟೆಂಬರಿನ ತನಕ.
ಬಾಡಿಗೆಗೆ ಮಾತ್ರ ರಜೆಯಿಲ್ಲ.

ಈ ಅಕ್ಕಿ ಈಜಿಪ್ಟಿನದ್ದು, ಗಿಡ್ಡ,
ಉದುರು ಅನ್ನ ಆಗಲಿಕ್ಕಿಲ್ಲ, ಬೈಯಬೇಡ.
ರಾತ್ರಿ ನೆನೆಹಾಕಿ ಮಸೂರು ಬೇಳೆಯೊಟ್ಟಿಗೆ ಕಡೆ;
ಮೂರನೆಯ ದೋಸೆಯಿಂದ ಕಾವಲಿ ನಿನ್ನ ಮಾತು ಕೇಳುತ್ತದೆ.
ಮೊದಲಿನ ಎರಡು ಪ್ರೆಸಿಲ್ಲಾಗೆ ಕೊಡು,
ತನಗೆ ಹರಿದದ್ದೇ ಇಷ್ಟ ಅನ್ನುತ್ತಾಳೆ,
ನಾನು ಬಂದಂದಿನಿಂದ ಹಾಗೇ ಅನ್ನುತ್ತಾಳೆ.

ಒಣಗಿದ ಖುಬ್ಬೂಸ್ ಎಸೆದರೆ ಮೈಮೂನಾ ಅಳುತ್ತಾಳೆ.
ಚೂರು ಮಾಡಿ, ನೀರು ಚಿಮುಕಿಸಿ, ಸಾಸಿವೆ, ನೀರುಳ್ಳಿ,
ಒಂದು ಹಸಿಮೆಣಸು:
ಉಪ್ಪಿಟ್ಟು ಅಂದುಕೊಂಡರೆ ಉಪ್ಪಿಟ್ಟು.
ಹುಳಿ ಬಂದ ಲಬಾನ್‌ಗೆ ಮೆಂತೆ ಹುರಿದು ಹಾಕಿದರೆ ತಂಬುಳಿ.
ಬೆಲ್ಲದ ಬದಲಿಗೆ ಎರಡು ಖರ್ಜೂರ.
ಫೂಲ್ ಡಬ್ಬಿ ಯಾರಿಗೂ ಬೇಡವಾಗಿ ಮೂಲೆಯಲ್ಲಿ ಬಿದ್ದಿರುತ್ತದೆ,
ಬಾಗಿ ತಗೋ. ಕೊತ್ತಂಬರಿ, ಕಾಯಿ ಅರೆದು ಕುದಿಸಿದರೆ
ಆ ಅರಬ್ಬಿ ಬೀಜ ಅವರೆಯ ಹಾಗೆ ನಟಿಸುತ್ತದೆ.
ತೆಂಗಿನಕಾಯಿ ಚೀಲದಲ್ಲಿ ಬರುವುದಿಲ್ಲ,
ಅದೊಂದನ್ನು ದುಡ್ಡು ಕೊಟ್ಟು ಕೊಳ್ಳು.
ಅಷ್ಟು ಮರ್ಯಾದೆ ನಾಲಿಗೆಗೂ ಬೇಕು.

ಟ್ಯೂನಾಕ್ಕೆ ಮಾತ್ರ ನನ್ನಲ್ಲಿ ಮದ್ದಿಲ್ಲ.
ಮಲ್ಪೆಯ ಬಂಗುಡೆ ತಿಂದ ಬಾಯಿ
ಅದನ್ನು ಮೀನು ಅನ್ನುವುದಿಲ್ಲ.
ಬದಲಾಯಿಸಿಕೋ. ಸಾಲಿನಲ್ಲೇ ಬದಲಾಯಿಸಿಕೋ.

ಸಾಲಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ.
ಗುರುವಾರ ಅಸರ್ ನಮಾಜು ಮುಗಿದ ಮೇಲೆ
ನೀಲಿ ಬಾಗಿಲಿನೆದುರು, ಗೋಡೆಯ ನೆರಳು ಇದ್ದಷ್ಟೇ ಸಾಲು,
ಅದು ಬೆಳೆದಂತೆ ಇದೂ.
ಚೀಲ ಕೊಡುವ ಹುಡುಗ ಹೆಸರು ಕೇಳುವುದಿಲ್ಲ,
ಮನೆಯಲ್ಲಿ ಎಷ್ಟು ಜನ ಅಂತ ಮಾತ್ರ.
ನಾಲ್ಕು ಅನ್ನು. ನಿಜವೇ, ನಾಲ್ಕು ಮಂಚ.
ಐದು ಅನ್ನಬೇಡ,
ಐದನೆಯವಳ ಊಟ ನಿನ್ನ ಹಿಂದೆ ನಿಂತವಳದ್ದು.

ನಾನು ನಿಂತಲ್ಲೇ ತಲೆ ಎಣಿಸುತ್ತೇನೆ. ಬಸ್ಸಿನ ಚಟ.
ಮೂವತ್ತೊಂದು ಹತ್ತಿದರೆ ಮೂವತ್ತೊಂದು ಇಳಿಯಬೇಕು;
ಒಂದು ಸೀಟಿನಡಿ ನಿದ್ದೆಹೋಗಿ ಬಾಕಿಯಾದರೆ
ಈ ಬಿಸಿಲಿನಲ್ಲಿ ಏನಾಗುತ್ತದೆಂದು
ನಿನಗೂ ಹೇಳಿಕೊಟ್ಟಿದ್ದಾರೆ.

ಹೋದ ವಾರ ಹತ್ತೊಂಬತ್ತಕ್ಕೆ ಬೆರಳು ನಿಂತಿತು.
ಕೊನೆಯ ಸ್ಟಾಪಿನ ಹುಡುಗಿ. ನಾಲ್ಕನೇ ಸೀಟು, ಕಿಟಕಿ ಬದಿ,
ಟಿಫಿನ್ನಿನ ಚೀಸ್ ತುಂಡು ಕದ್ದು ನನ್ನ ಕೈಗಿಡುವವಳು.
ಪಕ್ಕದಲ್ಲಿ ತಾಯಿ: ಒಳ್ಳೆಯ ಬ್ಯಾಗು, ಕಪ್ಪು ಕನ್ನಡಕ,
ಸಾಲಿನಲ್ಲಿದ್ದೂ ಇಲ್ಲದ ಹಾಗೆ ಫೋನು ತಿಕ್ಕುತ್ತ.
ಅಪ್ಪನ ಕಂಪನಿ ಏನಾಯಿತೋ.
ನಾನು ದುಪಟ್ಟಾ ಮುಂದೆಳೆದುಕೊಂಡೆ.

ಹುಡುಗಿ ನೋಡಿಯೇಬಿಟ್ಟಳು.
ಬಾಯಿ ತೆರೆಯಿತು, ಇನ್ನೇನು ಓಣಿಯೇ ತಿರುಗುವ ಹಾಗೆ ‘ಆಂಟೀ’...

ಬಸ್ಸಿನಲ್ಲಿ ಗಲಾಟೆ ಏರಿದಾಗ ನಾನೇ ಕಲಿಸಿದ್ದು,
ತುಟಿಯ ಮೇಲೆ ಒಂದು ಬೆರಳು.
ಅವಳು ಅದನ್ನೇ ಇಟ್ಟಳು.
ನನಗೋ, ತನಗೋ.

ಬಾಗಿಲ ಹತ್ತಿರ ಟ್ಯೂನಾದ ಎರಡು ಡಬ್ಬಿ
ಅವರ ಚೀಲಕ್ಕೆ ಜಾರಿಸಿದೆ.
ತಾಯಿ ಕನ್ನಡಕ ತೆಗೆಯಲಿಲ್ಲ,
ಕೈ ಮಾತ್ರ ಬಂದು
ಒಂದು ಕಟ್ಟು ಮಸೂರು ನನ್ನದಕ್ಕಿಟ್ಟು ಹೋಯಿತು.

ಹಾಗಾಗಿ ಈ ವಾರ ಬೇಳೆ ಹೆಚ್ಚಿದೆ, ಕುಸುಮಾವತಿ,
ನೆನೆಹಾಕಲು ಮರೆಯಬೇಡ.
ಸೆಪ್ಟೆಂಬರಿನಲ್ಲಿ ಅವಳು ಬಸ್ಸು ಹತ್ತಿದರೆ
ಒಂದು ಅಂತ ಎಣಿಸುತ್ತೇನೆ, ಅಷ್ಟೇ.
ಹತ್ತದಿದ್ದರೆ...

ಮೆಂತೆ ಎಲ್ಲಿಟ್ಟೆ?