ಸ್ಪೋರ್ಟ್ಸ್ ಪ್ಯಾಕಿನ ಬಾಕಿ

ಮಂಡಕ್ಕಿ ಭಟ್ಟಿಯ ನಾಲ್ಕನೇ ಕ್ರಾಸಿಗೆ
ಪ್ರತಿ ತಿಂಗಳ ಐದಕ್ಕೆ ಕೇಬಲ್ ದುಡ್ಡಿಗೆ ಹೋಗುತ್ತೇನೆ.
ಎಲ್ಲ ಮನೆಗೂ ಧಾರಾವಾಹಿ, ಒಂದೆರಡು ಸಿನಿಮಾ ಚಾನೆಲ್ಲು.
ಬುಡೇನ್ ಸಾಬರಿಗೆ ಮಾತ್ರ
ಇದ್ದಬದ್ದ ಆಟದ ಚಾನೆಲ್ಲೆಲ್ಲ ಬೇಕು,
ಕ್ರಿಕೆಟ್ಟೊಂದು ಬಿಟ್ಟು.
"ಅದರಲ್ಲಿ ನಿಂತೇ ಇರ್ತಾರಪ್ಪ.
ನಿಂತ ಕುದುರೆಗೆ ಕಾಲು ಬಾವು ಬರ್ತದೆ."

ಇಪ್ಪತ್ತೆರಡು ವರ್ಷ ಮೈಸೂರಿನ ರೇಸ್ ಕೋರ್ಸಿನಲ್ಲಿ
ಬೆಳಗಿನ ಸವಾರ.
ಬೆಳಗಿನ ಸವಾರ ಅಂದರೆ, ಅವರೇ ಬಿಡಿಸಿ ಹೇಳಿದ್ದು,
ನಸುಕಿನ ನಾಲ್ಕಕ್ಕೆ ಲಾಯದ ಬಾಗಿಲು ತೆಗೆದು
ಮಂಜಿನಲ್ಲಿ ಓಡಿಸಿ, ಬೆವರು ಒರೆಸಿ,
ಒಂದೊಂದರ ಸಿಟ್ಟೂ ಬೇರೆ ಬೇರೆಯೆಂದು ಮೈಯಲ್ಲೇ ಕಲಿತು,
ಶನಿವಾರ ಮಧ್ಯಾಹ್ನ ಬಣ್ಣದ ಅಂಗಿಯ ಇನ್ನೊಬ್ಬನ ಕೈಗೆ
ಲಗಾಮು ಕೊಟ್ಟು
ಬೇಲಿಯಾಚೆ ನಿಲ್ಲುವವನು.

ಬೇಲಿಯಿಂದ ಕುದುರೆ ಕಾಣುವುದು ಆರು ಸೆಕೆಂಡು.
ಉಳಿದದ್ದು ಜನರ ಬೆನ್ನು.

ಈಗ ಮೂವತ್ತೆರಡು ಇಂಚಿನಲ್ಲಿ
ಯಾರ ಬೆನ್ನೂ ಅಡ್ಡವಿಲ್ಲ.
ಹಿಮದಲ್ಲಿ ಜಾರುವವರು, ಈಟಿ ಎಸೆಯುವವರು,
ಐಸಿನ ಮೇಲೆ ಕಲ್ಲು ನೂಕಿ
ಅದರ ಮುಂದೆ ಮುಂದೆ ಕಸಬರಿಗೆ ಆಡಿಸುವವರು.
ಹಸೀನಾಬಿ ಮೆಚ್ಚಿದ್ದು ಅದೊಂದೇ ಆಟ:
"ನೋಡಿ, ಗಂಡಸರೂ ಗುಡಿಸ್ತಾರೆ."
ಜಿಮ್ನಾಸ್ಟಿಕ್ಸಿನಲ್ಲಿ ತಲೆಯಿಲ್ಲದ, ಬಾಲವಿಲ್ಲದ,
ಬೆನ್ನಿಗೆ ಎರಡು ಹಿಡಿಕೆ ಹೊತ್ತ ತೊಗಲಿನ ದಿಮ್ಮಿಗೂ
ಕುದುರೆಯೆಂದೇ ಹೆಸರೆಂದು ತಿಳಿದ ದಿನ
ನಕ್ಕು ನಕ್ಕು ಕೆಮ್ಮು ಹತ್ತಿತಂತೆ.
ಆಮೇಲೆ ಸುಮ್ಮನಾಗಿ,
"ಪಾಪ, ಹುರುಳಿಯ ಖರ್ಚೇ ಇಲ್ಲ" ಅಂದರಂತೆ.

ಅವತ್ತು ಯಾವುದೋ ದೇಶದಲ್ಲಿ ಇಳಿಬಿಸಿಲು,
ದಾವಣಗೆರೆಯಲ್ಲಿ ರಾತ್ರಿ ಮೂರು.
ಫೋನು:
"ಪರದೆ ತುಂಬ ಗೆರೆ ಗೆರೆ.
ಕುದುರೆ ಜಿಗಿಸೋದು ಶುರುವಾಗಿದೆ, ಬಾರಪ್ಪ."
ಏಣಿ ಹೊತ್ತು ಹೋದೆ. ಬೈಯುತ್ತಲೇ ಹೋದೆ.

ಕಂಬದ ಮೇಲಿನಿಂದ ಕಿಟಕಿಯೊಳಗೆ ಕಂಡದ್ದು:
ಸೊಂಟದಲ್ಲಿ ಸ್ಟೀಲಿನ ಪಟ್ಟಿಯಿರುವ ಮನುಷ್ಯ
ಸೋಫಾದ ಕೈಯ ಮೇಲೆ
ಆಚೀಚೆ ಕಾಲು ಇಳಿಬಿಟ್ಟು ಕೂತಿದ್ದಾರೆ.
ವೈರು ಬಿಗಿದೆ. ಗೆರೆ ಹೋಯಿತು.
ಬೂದು ಬಣ್ಣದ ಕುದುರೆಯೊಂದು ಅಡ್ಡಗಂಬದತ್ತ ಬಂತು.
ಇವರ ಮೊಣಕಾಲು ಒತ್ತಿತು, ಬೆನ್ನು ಬಾಗಿತು,
ಮುಷ್ಟಿ ಮುಂದಕ್ಕೆ ಚಾಚಿ ಸಡಿಲಾಯಿತು,
ಕುದುರೆ ನೆಲ ಬಿಡುವುದಕ್ಕೆ ಒಂದು ಉಸಿರು ಮೊದಲೇ
ಸೋಫಾ ಬಿಟ್ಟು ಇವರು ಒಂದು ಗೇಣು ಮೇಲೆ.

ಟಿವಿಯ ದನಿ ಪೂರ್ತಿ ಆರಿಸಿತ್ತು, ಮೊಮ್ಮಗು ಮಲಗಿತ್ತಲ್ಲ.
ಆದರೂ ಚಪ್ಪಾಳೆ ಕೇಳಿಸಿತು.
ಪಕ್ಕದ ಭಟ್ಟಿಯಲ್ಲಿ ದಿನದ ಮೊದಲ ಒಬ್ಬೆ,
ಕಾದ ಮರಳಿನಲ್ಲಿ ಅಕ್ಕಿ ಅರಳುತ್ತಿತ್ತು.

ಮುಂದಿನ ಕುದುರೆ ಬಂದು
ಕಂಬದ ಮುಂದೆ ನಿಂತೇಬಿಟ್ಟಿತು.
ಎರಡನೇ ಸಲವೂ.
ಕ್ಯಾಮೆರಾ ಗೆದ್ದವನ ಕಡೆ ತಿರುಗಿತು.
"ಅವನನ್ನ ತೋರಿಸ್ರೋ, ಅವನನ್ನ!
ವಾಪಸ್ಸು ಹೋಗ್ತಾ ಅದರ ಕುತ್ತಿಗೆ ತಟ್ಟಿದನೋ ಇಲ್ಲವೋ?"
ತೋರಿಸಲಿಲ್ಲ.
ಪದಕ ಕೊಡುವುದನ್ನು ಇವರು ನೋಡುವುದಿಲ್ಲ.
ಬಾವುಟ ಏರುವ ಮೊದಲೇ ರಿಮೋಟು ಒತ್ತುತ್ತಾರೆ.
ಅದು ಶನಿವಾರ ಮಧ್ಯಾಹ್ನದವರ ಕೆಲಸ.

ಏಣಿ ಇಳಿದೆ. ಚಹಾ ಕೊಟ್ಟರು.
ಟಿವಿಯ ಹಿಂಬದಿಗೆ ಅಂಗೈ ಇಟ್ಟು ನೋಡಿದರು, ಬಿಸಿ.
"ಓಡಿದ ಮೇಲೆ ಒಮ್ಮೆಗೇ ನಿಲ್ಲಬಾರದು,
ಸ್ವಲ್ಪ ನಡೀಬೇಕು" ಅಂದು ಚಪ್ಪಲಿ ಮೆಟ್ಟಿದರು.
ನಾನು ಬೈಕು ತಳ್ಳುತ್ತ, ಅವರು ಕುಂಟುತ್ತ
ಹೊಗೆಯ ಓಣಿಯುದ್ದಕ್ಕೂ ಕ್ರಾಸಿನ ತುದಿಯ ತನಕ.
ತಿರುವಿನಲ್ಲಿ ಬೈಕಿನ ಟ್ಯಾಂಕನ್ನು
ಎರಡು ಸಲ ಮೆಲ್ಲಗೆ ತಟ್ಟಿದರು.

ಎರಡು ತಿಂಗಳ ಬಾಕಿಯಿದೆ.
ಐದಕ್ಕೆ ಹೋಗಬೇಕು.