ಪದಕ್ಕಿಷ್ಟು

ಮಣ್ಣಿನ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ದರಪಟ್ಟಿ:
ಹತ್ತು ಪದದವರೆಗೆ ಎರಡು ಬೊಲಿವಿಯಾನೊ.
ಕಳೆದ ಲಾಮಾ, ಕೂಡಿದ ಮದುವೆ, ಲಾರಿ ಹೊರಡುವ ಹೊತ್ತು,
ಎಲ್ಲಕ್ಕೂ ಒಂದೇ. ಸಾವಿಗೆ ಮಾತ್ರ ಕಾಸಿಲ್ಲ,
ಆದರೂ ಜನ ಅದನ್ನೇ ಎಲ್ಲಕ್ಕಿಂತ ಚಿಕ್ಕದಾಗಿ ಬರೆಸುತ್ತಾರೆ.

ಕಾಲಾಪಂಪದ ರೇಡಿಯೋದಲ್ಲಿ ನನ್ನ ಕೆಲಸ ಇಷ್ಟೆ:
ಕಿಟಕಿಯ ಈಚೆ ಕೂತು, ಪೆನ್ಸಿಲ್ ತುದಿಯಲ್ಲಿ
ಪದಗಳ ನೆತ್ತಿ ಮುಟ್ಟಿ ಮುಟ್ಟಿ ಎಣಿಸುವುದು,
ದೊಡ್ಡಿಯ ಬಾಗಿಲಲ್ಲಿ ಅಪ್ಪ ಕುರಿ ಒಳಬಿಡುತ್ತಿದ್ದ ಹಾಗೆ.
ಓದುವವನು ಇಲಾರಿಯೋನ್. ಅವನ ದನಿ ಕೇಳಿ ಹೆಣ್ಣು ಕೊಡಲು
ಮೂರು ಊರಿನವರು ಬಂದಿದ್ದರು,
ಮುಖ ನೋಡಿ ಹೋದರು ಅನ್ನುವುದು ಸಾತುರ್ನಿನೊನ ತಮಾಷೆ.
ಸಾತುರ್ನಿನೊ ಜನರೇಟರಿನವನು.
ಟವರಿನ ಕೆಂಪು ದೀಪ ಕೆಟ್ಟರೆ ಹತ್ತುವವನೂ ಅವನೇ.
ಹತ್ತೊಂಬತ್ತು ವರ್ಷದಲ್ಲಿ ಅವನ ಹೆಸರು ಒಮ್ಮೆಯೂ ಗಾಳಿಗೆ ಹೋಗಿಲ್ಲ;
ಕೆಮ್ಮು ಹೋಗಿದೆ, ಎರಡು ಸಲ.

ಮಂಗಳವಾರ ಸಂಜೆ ಒಬ್ಬ ಬಂದ,
ಎಡಗಣ್ಣಿಗೆ ಪಟ್ಟಿ, ಪಟ್ಟಿ ಇನ್ನೂ ಒದ್ದೆ.
‘ತಾಂಬಿಲ್ಯೋದ ಎಲೆಯುತೇರಿಯಾ ಚೋಕೆ ಅವರಿಗೆ:
ಗುರುವಾರದ ಲಾರಿಗೆ ಬರುತ್ತೇನೆ. ಕತ್ತೆ ಕಳಿಸು.
ಕಣ್ಣು ವಾಸಿಯಾಗಿದೆ.’
ಹನ್ನೊಂದಾಯಿತು, ಅಂದೆ.
ಅವನ ಅಂಗೈಯಲ್ಲಿ ಒಂದೇ ನಾಣ್ಯ.
ಕತ್ತೆ ಬಿಡುವ ಹಾಗಿಲ್ಲ, ನಡೆದರೆ ಆರು ಗಂಟೆ.
ಕಣ್ಣು ಬಿಟ್ಟರೆ ಅಮ್ಮ ನಿದ್ದೆ ಬಿಡುತ್ತಾಳೆ.
‘ಅವರಿಗೆ’ ತೆಗೆಯಿರಿ, ಅಂದ, ‘ಚೋಕೆಗೆ’ ಸಾಕು.
ಹೆತ್ತವಳಿಗೆ ಬಹುವಚನ ಯಾಕೆ.
ಒಂದು ಗೆರೆ ಎಳೆದೆ.

ರಾತ್ರಿ ಹಿಮ ಬಿತ್ತು.
ಕಣಿವೆಯ ಆಚೆ ಇಲಾರಿಯೋನ್ ಸಿಕ್ಕಿಕೊಂಡ.
ನಸುಕಿನ ನಾಲ್ಕೂವರೆಗೆ ನಾವಿಬ್ಬರೇ.
ಜನರೇಟರ್ ಗುಡುಗುಟ್ಟಿ ಎದ್ದಿತು, ಟ್ರಾನ್ಸ್‌ಮಿಟರ್ ಬಿಸಿಯಾಯಿತು,
ಮೈಕಿನ ಮುಂದೆ ಖಾಲಿ ಕುರ್ಚಿ, ಅದರ ಮೇಲೆ ಅವನ ಕುರಿದೊಗಲು.
ನನ್ನ ಕೈಯಲ್ಲಿ ಇಪ್ಪತ್ಮೂರು ಚೀಟಿ.
ಬರೀ ಮೌನ ಹೋಗ್ತಿದೆ, ಅಂದ ಸಾತುರ್ನಿನೊ,
ಅದಕ್ಕೂ ಅಷ್ಟೇ ಡೀಸೆಲ್ ಬೇಕು.
ಕೂತ್ಕೊ.

ಕೂತೆ. ನನಗೆ ಓದಲು ಬರುವುದು ಒಂದೇ ರೀತಿ:
ಪೆನ್ಸಿಲ್ ಹಿಡಿದು, ಒಂದು ಪದ,
ಅದು ಒಳಹೋದ ಮೇಲೆ ಇನ್ನೊಂದು.
ಒಂಬತ್ತನೆಯ ಚೀಟಿಯಲ್ಲಿ ಪೆನ್ಸಿಲ್ ಗೆರೆಯ ಮೇಲೆ ನಿಂತಿತು.
ಗೆರೆಯಡಿಯಿಂದಲೂ ಅಕ್ಷರ ಕಾಣುತ್ತಿತ್ತು.
ಓದಿಬಿಟ್ಟೆ.

ಆಮೇಲೆ ಜನ ಏನೇನೋ ಅಂದರು. ಬಲು ನಿಧಾನ ಅಂದರು.
ಯಾರದೋ ಶಾಲೆಯ ಹುಡುಗಿಯನ್ನು ಕೂರಿಸಿದ್ದಾರೆ ಅಂದರು.
ಶುಕ್ರವಾರ ಇಲಾರಿಯೋನ್ ಬಂದು
ಕುರಿದೊಗಲು ಕೊಡವಿ ತನ್ನ ಜಾಗದಲ್ಲಿ ಕೂತ.

ಭಾನುವಾರ ಸಂತೆಗೆ ಬಂದ ಮುದುಕಿಯೊಬ್ಬಳು
ಟೋಪಿ ಹಿಂದೆ ಸರಿಸಿ ಕಿಟಕಿಗೆ ಮುಖವಿಟ್ಟಳು.
ನನ್ನ ಮಗನ ಬಾಯಲ್ಲಿ ‘ಅವರಿಗೆ’ ಬರೋದಿಲ್ಲ.
ನೀನು ಸೇರಿಸಿದ್ದಾ?
ತಂತಿಗೆ ಚುಚ್ಚಿಟ್ಟ ಚೀಟಿಗಳಲ್ಲಿ ಹುಡುಕಿ, ಬಿಡಿಸಿ, ತೋರಿಸಿದೆ.
ಓದು ಬಾರದು ಆಕೆಗೆ.
ಗೆರೆಯ ಮೇಲೆ ಹೆಬ್ಬೆರಳಿಟ್ಟಳು,
ರೊಟ್ಟಿ ಇನ್ನೂ ಬಿಸಿಯಿದೆಯೋ ಎಂದು ನೋಡುವ ಹಾಗೆ.
ಎಷ್ಟಾಯಿತು ಇದಕ್ಕೆ? ಅಂದಳು.

ಸಾಲಿನಲ್ಲಿ ಹಿಂದೆ ನಿಂತವನು ಕೆಮ್ಮಿದ.
ಅವನದೊಂದು ಲಾಮಾ ಕಳೆದಿತ್ತು,
ಬಿಳಿ, ಎಡಗಿವಿಗೆ ಕೆಂಪು ಉಣ್ಣೆ.
ಬೆರಳು ಮಡಚುತ್ತ ಮಡಚುತ್ತ
ಆಗಲೇ ಆರಕ್ಕೆ ಬಂದಿದ್ದ.