ಕೈಗೆಟಕುವಷ್ಟು

ಮಾರಿಬಿಡು ಅಂದಳು ಅತ್ತೆ,
ಕೂಸಿಗೆ ತಿಂಗಳು ತುಂಬುವ ಮೊದಲೇ.
ಈ ಬೆಂಕಿಪೊಟ್ಟಣಕ್ಕೆ ನೀವಿಬ್ಬರೇ ಹೆಚ್ಚು, ಅಂದಳು.

ಸುಳ್ಳಲ್ಲ.
ತಳ್ಳುಗಾಡಿಯ ಗಾಲಿ ಬಿಚ್ಚಿದರಷ್ಟೇ ಡಿಕ್ಕಿ ಮುಚ್ಚುತ್ತದೆ,
ಅದೂ ಮೇಲೊಮ್ಮೆ ಕುಂಡೆ ಊರಿ ಕೂತರೆ.
ಕೂಸಿನ ಸೀಟು ಹಿಂದೆ ಬಿಗಿದ ಮೇಲೆ
ಅದರ ಮುಂದೆ ಡುಯಿಲಿಯೋ
ಮೊಣಕಾಲಿಗೆ ಗದ್ದ ಆನಿಸಿ ಕೂರುತ್ತಾನೆ,
ತೊಡೆಯ ಮೇಲೆ ಡಯಾಪರ್ ಮೂಟೆ, ಅದರ ಮೇಲೆ ಟೊಮೇಟೊ.
ತ್ರಿಯೆಸ್ತೆಯಲ್ಲಿ ಬೋರಾ ಗಾಳಿ ಎದ್ದ ದಿನ
ಕಾರಿಗೆ ಕಾರೇ ತೊಟ್ಟಿಲು.

ಶನಿವಾರ ಹೋದೆವು, ದೊಡ್ಡದನ್ನು ನೋಡಲು.
ಏಳು ಸೀಟು. ಬಾಗಿಲು ತಾನೇ ಸರಿಯಿತು.
ಡುಯಿಲಿಯೋ ಕಾಲು ಚಾಚಿ, ಕಣ್ಣು ಮುಚ್ಚಿ,
ಆಹಾ ಅಂದ.
ನಾನು ಸ್ಟಿಯರಿಂಗ್ ಹಿಡಿದು
ಬಲಗೈ ಹಿಂದಕ್ಕೆ ಚಾಚಿದೆ. ಬರೀ ಗಾಳಿ.
ಇನ್ನಷ್ಟು ಚಾಚಿದೆ. ಹೊಸ ಚರ್ಮದ ವಾಸನೆ.

ಮಾರುವವನು ಇನ್ನೂ ಕಂತಿನ ಲೆಕ್ಕ ಹೇಳುತ್ತಿದ್ದ.

ನಮ್ಮ ಹಳೇ ಪಾಂಡಾದಲ್ಲಿ
ಕೆಂಪು ದೀಪ ಬಿದ್ದಾಗೆಲ್ಲ
ನೋಡದೆಯೇ ಕೈ ಹಿಂದೆ ಹೋಗುತ್ತದೆ,
ಬೆರಳಿಗೆ ಸಿಗುತ್ತದೆ ನೀವೆಸ್‌ಳ ನೆತ್ತಿ,
ಇನ್ನೂ ಕೂಡದ ಎಲುಬಿನ ನಡುವೆ
ಮೆತ್ತಗೆ ಮಿಡಿಯುವ ಕಾಸಿನಗಲ ಜಾಗ.

ಹಿಂದಿನವನು ಹಾರ್ನ್ ಹೊಡೆಯುತ್ತಾನೆ.
ಹಸಿರು ಬಿದ್ದು ಎಷ್ಟೊತ್ತಾಯಿತೋ.